ಪರದೆಯ ಅಡಿಯ ಗಡಿಯಾರ

ಅವಳನ್ನು ನಾವು ಸರಸರಕ್ಕ ಎನ್ನುತ್ತಿದ್ದೆವು. ನಡೆಯುವುದು ಸರಸರ, ಊಟ ಮಾಡುವುದು ಸರಸರ, ಇನ್ನು ಕೀಲಿಮಣೆಯ ಮೇಲೆ ಬೆರಳಾಡುವುದನ್ನಂತೂ ಕೇಳಲೇಬೇಡಿ. ಹಳೆಯ ಟೈಪ್‌ರೈಟರಿನಲ್ಲಿ ಕಲಿತ ಕೈ, ಒಂದೊಂದು ಅಕ್ಷರವನ್ನೂ ಮೊಳೆ ಹೊಡೆದ ಹಾಗೆ ಕುಟ್ಟುತ್ತಿದ್ದಳು. "ಅಕ್ಕಾ, ಮೆಲ್ಲಗೆ, ಅದಕ್ಕೂ ಜೀವ ಇದೆ" ಎಂದರೆ, "ನನಗಿಲ್ವೇನೇ?" ಎಂದು ನಗುತ್ತಿದ್ದಳು. ಅವಳ ಪಕ್ಕದ ಕುರ್ಚಿ ನನ್ನದು.

ನಾವು ಐವರು ಹೆಂಗಸರು ಒಂದು ನೆಲಮಾಳಿಗೆಯಲ್ಲಿ ಕೂತು, ಫ್ಯಾನು ಮಿಕ್ಸಿ ಕೊಂಡವರ ವಾರಂಟಿ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆವು. ಹೆಸರು, ವಿಳಾಸ, ಮಾಡೆಲ್ಲು, ಮತ್ತೆ ಹೆಸರು. ಕಿಟಕಿ ಇಲ್ಲ, ಗೋಡೆಗೆ ಗಡಿಯಾರವೂ ಇಲ್ಲ. ಮೊಬೈಲು, ಕೈಗಡಿಯಾರ ಎಲ್ಲ ಬೆಳಿಗ್ಗೆಯೇ ಬೀರುವಿನೊಳಗೆ. ಅದರ ಬೀಗದಕೈ ಮ್ಯಾನೇಜರನ ಜೇಬಿನಲ್ಲಿ. ಸಂಜೆ ಆರಕ್ಕೆ ಗಂಟೆ ಬಾರಿಸಿ ನಮ್ಮನ್ನು ಬಿಡಬೇಕಾದವನೂ ಅವನೇ. ಹಾಗಾಗಿ ಬೆನ್ನ ಹಿಂದೆ ಅವನು ಗಂಟೆಯಪ್ಪ. "ಟೈಮ್ ನೋಡ್ತಾ ಕೂತ್ರೆ ನಿಮ್ಮ ಕೈ ಓಡಲ್ಲ ಕಣ್ರಮ್ಮಾ" ಎನ್ನುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ನಾವೇನು ಕೊಟ್ಟಿಗೆಯ ದನಗಳೇ? ಹೊರಗೆ ಬಂದು ಮೊಬೈಲು ನೋಡಿದರೆ ಆರು ದಾಟಿ ಎಷ್ಟೋ ಹೊತ್ತಾಗಿರುತ್ತಿತ್ತು. ಕೇಳಿದರೆ, "ಅಯ್ಯೋ, ಗಮನ ಇರ್ಲಿಲ್ಲ." ಒಳಗಿದ್ದಾಗಲೇ ಕೇಳೋಣವೆಂದರೆ ಹೊತ್ತೆಷ್ಟೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಇದರಿಂದ ಹೆಚ್ಚು ಪೆಟ್ಟು ಬಿದ್ದದ್ದು ಸರಸರಕ್ಕನಿಗೆ. ಮೂರು ವರ್ಷದ ಮಗಳನ್ನು ಶಿಶುವಿಹಾರದಲ್ಲಿ ಬಿಟ್ಟು ಬರುತ್ತಿದ್ದಳು. ಗಂಡ ಲಾರಿ ಡ್ರೈವರು. ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇಲ್ಲ. ಶಿಶುವಿಹಾರದ ಟೀಚರ್ ಕಾದು ಕಾದು ಸಾಕಾಗಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: "ಇನ್ನೊಂದು ಸಲ ಲೇಟಾದ್ರೆ ಮಗೂನ ಬೇರೆ ಕಡೆ ಸೇರಿಸ್ಕೊಳ್ಳಿ." ಹತ್ತಿರದಲ್ಲಿ ಬೇರೆ ಶಿಶುವಿಹಾರವೇ ಇರಲಿಲ್ಲ.

ನಮ್ಮ ಕೆಲಸಕ್ಕೆ ಮೌಸ್ ಬೇಕಾಗುತ್ತಿರಲಿಲ್ಲ, ಎಲ್ಲ ಕೀಲಿಗಳಲ್ಲೇ ಮುಗಿಯುತ್ತಿತ್ತು. ಫ್ಯಾನಿನ ಗಾಳಿಗೆ ಕಾರ್ಡುಗಳು ಹಾರದಿರಲೆಂದು ಮೌಸನ್ನು ಅವುಗಳ ಮೇಲೆ ಭಾರಕ್ಕಿಟ್ಟುಕೊಳ್ಳುತ್ತಿದ್ದೆವು. ಒಂದು ದಿನ ಸರಸರಕ್ಕನ ಕಾರ್ಡಿನ ರಾಶಿ ಜಾರಿತು, ಜೊತೆಗೆ ಮೌಸೂ ಜಾರಿತು. ಪರದೆಯ ಅಡಿಯಿಂದ ಒಂದು ಪಟ್ಟಿ ಮೇಲೆದ್ದಿತು. ಗಾಬರಿಯಲ್ಲಿ ಅವಳು ಅದರೊಳಗಿನ ಚಿತ್ರವೊಂದನ್ನು ಒತ್ತಿಬಿಟ್ಟಳು. ತುಂಬುತ್ತಿದ್ದ ಹಾಳೆಯೇ ಮಾಯ!

"ಸತ್ತೆ ಕಣೇ! ಬೆಳಿಗ್ಗೆಯಿಂದ ಮಾಡಿದ್ದೆಲ್ಲ ಹೋಯ್ತು!"

ನಾನು ಬಗ್ಗಿ ಅದೇ ಚಿತ್ರವನ್ನು ಇನ್ನೊಮ್ಮೆ ಒತ್ತಿದೆ. ಹಾಳೆ ಬಂದು ನಿಂತಿತು. "ಎಲ್ಲೂ ಹೋಗಿಲ್ಲ ಅಕ್ಕಾ. ಇದು ಟಾಸ್ಕ್‌ಬಾರ್. ತೆರೆದಿರೋದೆಲ್ಲ ಇದ್ರಲ್ಲಿ ಕೂತಿರುತ್ತೆ. ಒತ್ತಿದ್ರೆ ಬಚ್ಚಿಟ್ಕೊಳ್ಳುತ್ತೆ, ಮತ್ತೆ ಒತ್ತಿದ್ರೆ ಬರುತ್ತೆ. ನಮ್ಮ ಕಂಪ್ಯೂಟರಲ್ಲಿ ಇಲ್ಲ ಅಂದ್ಕೊಂಡಿದ್ದೆ. ಗಂಟೆಯಪ್ಪ ಮರೆಮಾಡಿಸಿಟ್ಟಿದಾನೆ, ಮೌಸ್ ಕೆಳಗೆ ತಂದ್ರೆ ಏಳುತ್ತೆ."

ಅವಳು ನನ್ನ ಮಾತು ಕೇಳುತ್ತಲೇ ಇರಲಿಲ್ಲ. ಪಟ್ಟಿಯ ಬಲಮೂಲೆಯನ್ನೇ ನೋಡುತ್ತಿದ್ದಳು. ಅಲ್ಲಿ ಹೊತ್ತು ಬರೆದಿತ್ತು.

ಮಧ್ಯಾಹ್ನದೊಳಗೆ ಐವರಿಗೂ ವಿಷಯ ತಿಳಿಯಿತು. ತುಟಿ ಪಿಟಕ್ಕೆನ್ನಬಾರದು, ಗೊತ್ತಾದರೆ ಅವನು ಇದನ್ನೂ ತೆಗೆಸಿಹಾಕುತ್ತಾನೆ ಎಂದು ಮಾತಾಡಿಕೊಂಡೆವು. ಸಂಜೆ ಸರಸರಕ್ಕ ಒಂದು ಹೆಸರು ಟೈಪು ಮಾಡುವುದು, ಪಟ್ಟಿ ಎಬ್ಬಿಸುವುದು, ಮತ್ತೊಂದು ಹೆಸರು, ಮತ್ತೆ ಪಟ್ಟಿ. ಆರಾಯಿತು. ಗಂಟೆ ಇಲ್ಲ. ಇನ್ನಷ್ಟು ಹೊತ್ತಾಯಿತು. ಗಂಟೆಯಪ್ಪ ಫೋನಿನಲ್ಲಿ ಯಾರ ಜೊತೆಗೋ ಹರಟುತ್ತಿದ್ದ. "ಇದು ಕಾಣದೆ ಇದ್ದಿದ್ರೇ ಚೆನ್ನಾಗಿತ್ತು ಕಣೇ" ಎಂದು ಅಕ್ಕ ಪಿಸುಗುಟ್ಟಿದಳು. ಕಣ್ಣಲ್ಲಿ ನೀರು. ಆಮೇಲೆ ಧಡಕ್ಕನೆ ಎದ್ದು ನಿಂತಳು.

"ಗಂಟೆ ಆಗಿಲ್ವಲ್ಲಮ್ಮಾ?"

"ಆರಾಗಿದೆ ಸಾರ್. ನಾನು ಹೋಗ್ಬೇಕು."

ಗಂಟೆಯಪ್ಪ ಫೋನು ಕೆಳಗಿಟ್ಟ. "ಆರಾಗಿದೆ ಅಂತ ನಿಂಗೆ ಯಾರು ಹೇಳಿದ್ದು?"

ಅವನು ಒಂದೊಂದೇ ಪರದೆಯನ್ನು ನೋಡುತ್ತ ನಮ್ಮ ಕಡೆ ಬರತೊಡಗಿದ. ಸರಸರಕ್ಕ ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡಳು.

"ಎದೆ ಕಟ್ಕೊಂಡಿದೆ ಸಾರ್. ಹಾಲು ಕುಡಿಯೋ ಮಗು ಇದೆ. ಇದಕ್ಕೆ ಗಡಿಯಾರ ಬೇಕಾ?"

ಅವನ ಮುಖ ಕೆಂಪಾಯಿತು. ಹೋಗಿ ಬೀರು ತೆಗೆದ. ಅವಳು ಮೊಬೈಲು ಕಸಿದುಕೊಂಡು ಮೆಟ್ಟಿಲು ಹತ್ತಿ ಓಡಿದಳು. ನಾನು ನಗು ತಡೆಯಲಾರದೆ ಕೆನ್ನೆ ಕಚ್ಚಿಕೊಂಡೆ. ಅವಳ ಮಗಳು ದಿನಕ್ಕೊಂದು ಪೊಟ್ಟಣ ಬಿಸ್ಕತ್ತು ಖಾಲಿ ಮಾಡುತ್ತಿದ್ದಳು!

ಅವತ್ತು ಟೀಚರ್ ಬಾಗಿಲು ಹಾಕುವ ಮೊದಲೇ ಅಕ್ಕ ಶಿಶುವಿಹಾರ ಮುಟ್ಟಿದ್ದಳು. ಮರುದಿನ ಬೆಳಿಗ್ಗೆ ಅಕ್ಕ ಅದನ್ನು ಹೇಳುತ್ತಲೇ ಮೆಟ್ಟಿಲಿಳಿದಳು. ಬಾಗಿಲಲ್ಲಿ ಗಂಟೆಯಪ್ಪ ನಿಂತಿದ್ದ. ಎಂದೂ ಇಲ್ಲದ ಮೆದು ದನಿ.

"ನೋಡಮ್ಮಾ, ಹಾಲು ಕುಡಿಯೋ ಮಗೂನ ಬಿಟ್ಟು ಬರೋದು ಪಾಪ. ಮಗು ಸ್ವಲ್ಪ ದೊಡ್ಡದಾಗ್ಲಿ, ಆಮೇಲೆ ಬಾ. ಇವತ್ತಿಂದ ಬೇಡ."

ಮಗಳಿಗೆ ಮೂರು ತುಂಬಿದೆ ಎಂದಿದ್ದರೆ ಕೆಲಸ ಉಳಿಯುತ್ತಿತ್ತೋ ಏನೋ. ಆದರೆ ಆಗ ಅವನು ನಿನ್ನೆಯ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾನೆಂದು ನಮಗೆಲ್ಲ ಗೊತ್ತಿತ್ತು. ಅಕ್ಕ ನಮ್ಮ ನಾಲ್ವರನ್ನೂ ಒಮ್ಮೆ ನೋಡಿದಳು.

"ಆಗ್ಲಿ ಸಾರ್" ಎಂದಳು. ಹಿಂದಿರುಗಿ ಮೆಟ್ಟಿಲು ಹತ್ತಿದಳು, ಅವಳ ಜನ್ಮದಲ್ಲೇ ಇಲ್ಲದಷ್ಟು ನಿಧಾನವಾಗಿ.

ಆ ಸಂಜೆ ನಾವು ನಾಲ್ವರೂ ಪಟ್ಟಿ ಎಬ್ಬಿಸಿ ನೋಡಿದೆವು. ಆರು ದಾಟಿತ್ತು. ಒಬ್ಬರೂ ಏಳಲಿಲ್ಲ.