ಅಂಟಿಕೊಂಡ ಗಡ್ಡೆ

ಆಸ್ಪತ್ರೆಯ ತರಬೇತಿ ಕೋಣೆಯ ಅಟೆಂಡರ್ ಹೆಂಗಸನ್ನು ಕಲಿಯುವ ಡಾಕ್ಟರುಗಳೆಲ್ಲ ಗಡ್ಡೆಯಕ್ಕ ಎನ್ನುತ್ತಿದ್ದರು. ಬೆಳಿಗ್ಗೆ ಕಸಾಯಿಖಾನೆಯಿಂದ ಕುರಿಯ ಮಿದುಳು ತರುವುದು, ಅಗರ್ ಪುಡಿ ಕುದಿಸಿ ಹಳದಿ ಬಣ್ಣ ಬೆರೆಸಿ ಸಿರಿಂಜಿನಿಂದ ಅದರೊಳಗೆ ಚುಚ್ಚುವುದು, ಅದು ಗಡ್ಡೆಗಟ್ಟಿದ ಮೇಲೆ ಪಕ್ಕದ ರಕ್ತನಾಳಕ್ಕೆ ಸಣ್ಣ ಕೊಳವೆ ಸಿಕ್ಕಿಸಿ ಕೆಂಪು ನೀರು ಹರಿಸುವುದು, ಇದು ಅವಳ ಹನ್ನೊಂದು ವರ್ಷದ ಕಸುಬು. ಕಲಿಯುವವರು ಅಭ್ಯಾಸಕ್ಕೆಂದು ಆ ಗಡ್ಡೆ ಬಿಡಿಸುವಾಗ ಯಾರದಾದರೂ ಕೈ ತಪ್ಪಿದರೆ ಕೆಂಪು ನೀರು ಚಿಮ್ಮುತ್ತಿತ್ತು. "ಇದು ಕುರಿ, ಏನೂ ಅನ್ನಲ್ಲ. ಮೇಲಿನ ಮಹಡೀಲಿ ಮಲಗಿರೋದು ಯಾರದೋ ಅಪ್ಪ," ಎಂದು ಗದರುತ್ತಿದ್ದಳು. ಮನೆಯಲ್ಲಿ ಗಂಡ ಮಾತ್ರ "ಎರಡು ಸಲ ಸೋಪು ಹಾಕಿದ್ಯಾ?" ಎಂದು ಕೇಳದೆ ತುತ್ತೆತ್ತುತ್ತಿರಲಿಲ್ಲ.

ಮಿದುಳಿನ ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಹೊಸದಾಗಿ ಬಂದ ಮುಖ್ಯಸ್ಥರು ಹೊರಗಿನ ದೊಡ್ಡ ಡಾಕ್ಟರುಗಳ ಮುಂದೆ ತಾವೇ ಇಂಥ ಗಡ್ಡೆ ತೆಗೆದು ತೋರಿಸುವುದೆಂದಾಯಿತು. ಹಿಂದಿನ ದಿನ ಅವಳನ್ನು ಕರೆಸಿದರು.

"ಗಡ್ಡೆ ಸ್ವಲ್ಪ ಸಡಿಲ ಇರಲಿ. ಒಂದೇ ಸಲಕ್ಕೆ ಎದ್ದು ಬರಬೇಕು."

"ಆಗಲ್ಲ ಸಾರ್."

"ಆಗಲ್ಲ ಅಂದ್ರೆ?"

"ನಿಜವಾದ ಗಡ್ಡೆ ಹಾಗೆ ಬರಲ್ವಲ್ಲ. ರಕ್ತನಾಳಕ್ಕೆ ಕಚ್ಕೊಂಡಿರುತ್ತೆ ಅಂತ ಈ ಮಕ್ಕಳಿಗೆ ವರ್ಷವೆಲ್ಲ ಬಡ್ಕೊಂಡಿದೀನಿ. ಅವರೂ ನೋಡ್ತಿರ್ತಾರೆ."

"ನೀನು ಅಟೆಂಡರು. ನೆನಪಿರಲಿ."

"ನೆನಪಿದೆ. ಸಡಿಲ ಮಾಡಲ್ಲ, ಈಗಲೇ ಹೇಳಿಬಿಟ್ಟಿದೀನಿ. ಬೇಕಾದ್ರೆ ಬೇರೆಯವರ ಕೈಲಿ ಮಾಡಿಸ್ಕೊಳ್ಳಿ."

ಬೇರೆಯವರಿಗೆ ಆ ಕೆಲಸ ಬರುತ್ತಿರಲಿಲ್ಲ. ಹೆದರಿ ದಾರಿಗೆ ಬರುತ್ತಾಳೆಂದು ಮುಖ್ಯಸ್ಥರು ಎಣಿಸಿದರು. ಅವಳು ಎಂದಿನಂಥದ್ದೇ ಗಡ್ಡೆ ಮಾಡಿಟ್ಟಳು.

ಮರುದಿನ ಗೋಡೆಯ ಪರದೆಯ ಮೇಲೆ ಎಲ್ಲ ದೊಡ್ಡದಾಗಿ ಕಾಣುತ್ತಿತ್ತು. ಮುಖ್ಯಸ್ಥರು ನಗುನಗುತ್ತಾ ಚಿಮಟದಿಂದ ಗಡ್ಡೆ ಹಿಡಿದು ಎಳೆದರು. ಪರದೆ ಪೂರ್ತಿ ಕೆಂಪಾಯಿತು. ಅವಳಿಗೆ ಹಿಗ್ಗೇನೂ ಆಗಲಿಲ್ಲ. ಆ ಕೈ ಮೇಲಿನ ಮಹಡಿಯಲ್ಲೂ ಹೀಗೇ ಎಳೆದೀತು ಎಂದುಕೊಳ್ಳುತ್ತಾ ಹೋಗಿ ಕೆಂಪು ನೀರಿನ ಕೊಳವೆ ಮುಚ್ಚಿದಳು.

ಸಂಜೆಯೊಳಗೆ ಅವಳನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು.

"ಕ್ಷಮೆ ಕೇಳಿದ್ರೆ ನೋಡೋಣ ಅಂತಿದಾರೆ," ಎಂದ ಗುಮಾಸ್ತ.

"ಯಾವ ತಪ್ಪಿಗೆ ಅಂತ ಬರೆದುಕೊಡಲಿ, ಕೇಳ್ತೀನಿ."

ಯಾರೂ ಬರೆದುಕೊಡಲಿಲ್ಲ. ಹಬೆಯಲ್ಲಿ ಬೇಯುತ್ತಾ, ಆಪರೇಷನ್ನಿನ ಹಸಿರು ಬಟ್ಟೆ ಮಡಚುತ್ತಾ ಐದು ವಾರ ಕಳೆದಳು. ಆಮೇಲೊಂದು ಮಧ್ಯಾಹ್ನ ಕಲಿಯುವ ಡಾಕ್ಟರಮ್ಮ ಒಬ್ಬಳು ಕುರಿಯ ಮಿದುಳಿದ್ದ ಡಬ್ಬಿ ಹಿಡಿದು ಬಂದಳು.

"ಅಕ್ಕಾ, ಸೋಮವಾರ ನನ್ನ ಮೊದಲ ಆಪರೇಷನ್ನು. ನಾವು ಮಾಡಿದ ಗಡ್ಡೆ ಸೋಪಿನ ಥರ ಜಾರಿಬಿಡುತ್ತೆ. ಏನು ಕಲಿಯೋದು ಅದರಲ್ಲಿ?"

ಗಡ್ಡೆಯಕ್ಕ ಊಟದ ಬುತ್ತಿ ಮುಚ್ಚಿ, ಒಗೆಯುವ ಕೋಣೆಯ ಹಿತ್ತಲ ಜಗಲಿಯಲ್ಲಿ ಸ್ಟೌ ಹಚ್ಚಿದಳು. ನಾಲ್ಕು ದಿನ ಡಾಕ್ಟರಮ್ಮನ ಮುಂದೆ ಕೆಂಪು ನೀರು ಚಿಮ್ಮಿತು, ಐದನೆಯ ದಿನ ಚಿಮ್ಮಲಿಲ್ಲ. ಸೋಮವಾರ ಮೇಲಿನ ಮಹಡಿಯ ಬಸ್ ಡ್ರೈವರನ ಗಡ್ಡೆಯೂ ಅವಳ ಕೈಯಲ್ಲಿ ಹಾಗೇ ಬಿಡಿಸಿಕೊಂಡು ಬಂತು; ಎಚ್ಚರವಾದವನೇ ಹೆಂಡತಿಯನ್ನು ಹೆಸರು ಹಿಡಿದು ಕರೆದ.

ಮರುವಾರ ಜಗಲಿಗೆ ಕಲಿಯುವ ಡಾಕ್ಟರುಗಳು ಆರು ಜನ ಬಂದರು. ಹಿಂದೆಯೇ ಗುಮಾಸ್ತ: "ಇಲ್ಲಿ ಇದೆಲ್ಲ ಮಾಡೋ ಹಾಗಿಲ್ಲವಂತೆ."

"ಊಟದ ಹೊತ್ತು ನಂದು," ಎಂದಳು ಅಕ್ಕ, ಸಿರಿಂಜಿನಿಂದ ಕಣ್ಣೆತ್ತದೆ. "ಬೆಳಕಿಗೆ ಅಡ್ಡ ನಿಲ್ಲಬೇಡಿ."