ಮಾಸ್ತಮ್ಮನ ನಾಟಿ ಸಾಲು

ತಾಳಗುಂದದ ಸುತ್ತ ಯಾರ ಗದ್ದೆಯಲ್ಲಿ ಭತ್ತದ ನಾಟಿ ಇದ್ದರೂ ಮಾಸ್ತಮ್ಮನಿಗೆ ಕರೆ ಬರುತ್ತದೆ. ಅವಳ ಗುಂಪಿನಲ್ಲಿ ಹದಿಮೂರು ಹೆಂಗಸರು: ಮೇಲಿನಕೇರಿಯವರು, ಕೆಳಗಿನಕೇರಿಯವರು, ತಾಂಡಾದವರು, ಮಸೀದಿ ಓಣಿಯ ಹುಸೇನ್‌ಬಿ. ಇವರನ್ನೆಲ್ಲ ಒಂದೇ ಕೆಸರಿಗೆ ಇಳಿಸುವುದು ಹುಡುಗಾಟವಲ್ಲ. ಅತ್ತೆಯ ಕಾಲದಿಂದ ಬಂದ ಕಟ್ಟಳೆಯೊಂದಿದೆ: ಒಂದೇ ಕೇರಿಯ ಇಬ್ಬರು ಪಕ್ಕಪಕ್ಕ ನಿಲ್ಲುವಂತಿಲ್ಲ. ಬಗ್ಗಿ ನೆಡುವವರಿಗೆ ಮಾತಿಗೆ ಸಿಗುವುದು ಅಕ್ಕಪಕ್ಕದವರೇ. ದಿನವಿಡೀ ಅವರ ಮಕ್ಕಳ ಜ್ವರ, ಗಂಡಂದಿರ ಕುಡಿತ ಕೇಳಿಸಿಕೊಂಡ ಮೇಲೆ ಜಗಳವಾಡಲು ಯಾರಿಗೆ ಮನಸ್ಸು ಬರುತ್ತದೆ? ದೊಡ್ಡ ಕಂಪನಿಗಳಲ್ಲಿ ಇದಕ್ಕೆ ತರಬೇತಿ ಕೊಡುತ್ತಾರಂತೆ. ಮಾಸ್ತಮ್ಮ ಸುಮ್ಮನೆ ನಿಲ್ಲಿಸುತ್ತಾಳೆ, ಅಷ್ಟೆ. ಹುಸೇನ್‌ಬಿ ಮಾತ್ರ ಇಪ್ಪತ್ತು ವರ್ಷದಿಂದ ಅವಳ ಎಡಕ್ಕೇ.

ಈ ಸಲ ಮಾಸ್ತಮ್ಮನ ಸೊಂಟ ಹಿಡಿದುಕೊಂಡಿತ್ತು. ಬೆಳಿಗ್ಗೆ ಏಳುವುದೇ ಒಂದು ಕೆಲಸ. ಸಾಕಾಗಿತ್ತು ಅವಳಿಗೆ. ಅಂಥ ದಿನವೇ ಗದ್ದೆಯ ಒಡೆಯ ಆನಂದಪ್ಪ ಬದುವಿನ ಮೇಲೆ ಅಡ್ಡ ನಿಂತ.

“ಇದು ದೇವ್ರ ಹೆಸ್ರಲ್ಲಿ ಬಿಟ್ಟ ಗದ್ದೆ, ಮಾಸ್ತಮ್ಮ. ಹುಸೇನ್‌ಬಿ ಇವತ್ತೊಂದಿನ ಬದಿಗಿರ್ಲಿ. ನಾಳಿಂದ ಹೆಂಗಾದ್ರೂ ಮಾಡ್ಕೊ.”

ಅಲ್ಲಿ ನೆಡಬೇಕಿದ್ದ ಸಸಿಯನ್ನೆಲ್ಲ ಹಿಂದಿನ ದಿನ ಸಸಿಮಡಿಯಿಂದ ಕಿತ್ತವಳು ಹುಸೇನ್‌ಬಿಯೇ. ಅದಕ್ಕೆ ದೇವರ ಅಡ್ಡಿ ಇರಲಿಲ್ಲವೋ ಏನೋ! ಹಿಂದೆ ಇಂಥ ಮಾತು ಬಂದಾಗ ಮಾಸ್ತಮ್ಮ, “ಬಂದ್ರೆ ಎಲ್ಲಾರೂ, ಇಲ್ದಿದ್ರೆ ಯಾರೂ ಇಲ್ರೀ” ಎಂದು ಗುಂಪನ್ನೇ ತಿರುಗಿಸಿಕೊಂಡು ಹೋದದ್ದುಂಟು. ಆವತ್ತು ವಾದಿಸುವ ತ್ರಾಣವಿರಲಿಲ್ಲ.

“ಇವತ್ತೊಂದಿನ ಕೂತ್ಕಳೇ” ಎಂದಳು, ಮುಖ ನೋಡದೆ.

“ಆತು ಬಿಡಕ್ಕ” ಎಂದಳು ಹುಸೇನ್‌ಬಿ. ಮನೆಗೂ ಹೋಗದೆ ಸಂಜೆವರೆಗೆ ಬದುವಿನ ಮೇಲೆ ಕೂತು ಎಲ್ಲರ ಬುತ್ತಿ ಕಾದಳು.

ಮಾರನೆಯ ದಿನ ಬೇರೆಯವರ ಗದ್ದೆ. ಮಾಸ್ತಮ್ಮ ಕುಂಟುತ್ತ ಬರುವಷ್ಟರಲ್ಲಿ ಹೆಂಗಸರು ಆಗಲೇ ಇಳಿದಿದ್ದರು, ಕೇರಿಗೊಂದು ಗುಂಪಾಗಿ. ಹಾಗೆ ನಿಲ್ಲಿ ಎಂದು ಅವರಿಗೆ ಯಾರು ಹೇಳಿಕೊಟ್ಟರು? ನಿನ್ನೆ ಮಾಸ್ತಮ್ಮನೇ ಹೇಳಿಕೊಟ್ಟಿದ್ದಳಲ್ಲ. ಅವಳಿಗೆಂದು ಬಿಟ್ಟ ಜಾಗದ ಎಡಕ್ಕೂ ಬಲಕ್ಕೂ ಅವಳ ಕೇರಿಯವರೇ ನಿಂತಿದ್ದರು. ಹುಸೇನ್‌ಬಿ ಸೀರೆ ಎತ್ತಿ ಕಟ್ಟಿಕೊಂಡು ಇನ್ನೂ ಬದುವಿನಲ್ಲೇ ಇದ್ದಳು.

“ಅಕ್ಕಾ, ಇವತ್ತು ನಾನೆಲ್ಲಿ ನಿಂತ್ಕಳ್ಲಿ?”

ಇಪ್ಪತ್ತು ವರ್ಷದಲ್ಲಿ ಅವಳು ಒಮ್ಮೆಯೂ ಕೇಳದ ಮಾತು. ಮಾಸ್ತಮ್ಮ ಕುಂಟುತ್ತಲೇ ತನ್ನ ಜಾಗಕ್ಕೆ ಇಳಿದಳು.

“ನನ್ನ ಪಕ್ಕ, ಇನ್ನೆಲ್ಲಿ?” ಎಂದಳು.

ಎಡಗಡೆ ನಿಂತವಳು ತಲೆ ಎತ್ತಲಿಲ್ಲ, ಸರಿಯಲೂ ಇಲ್ಲ. ಮಾಸ್ತಮ್ಮ ಅವಳಿಗೆ ಗದರಿಸಿ ಹೇಳಬೇಕಿತ್ತು. ಅಷ್ಟರಲ್ಲಿ ಹುಸೇನ್‌ಬಿ, “ಇರ್ಲಿ ಬಿಡಕ್ಕ, ಮೊದ್ಲೇ ನಿಂಗೆ ಸೊಂಟ ನೋವು” ಎಂದು ಸಾಲಿನ ಕೊನೆಗೆ ನಡೆದು ಕೆಸರಿಗಿಳಿದಳು.