ಬೇರಣ್ಣನ ಹಿತ್ತಲ ಬೇಲಿ

ಅರಣ್ಯ ಇಲಾಖೆಯ ಕಾವಲುಗಾರ ಅವನು; ಕಾಡಿನ ಕೆಲಸಗಾರರೆಲ್ಲ ಅವನನ್ನು ಬೇರಣ್ಣ ಅಂತಲೇ ಕರೆಯುತ್ತಿದ್ದರು. ಕಾಡನ್ನೇ ನುಂಗುವ ಕಳೆ ಲಂಟಾನ; ಅದರ ಪೊದೆಯನ್ನು ಯಾರಾದರೂ ಬರೀ ಮೇಲೆ ಮೇಲೆ ಸವರಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಪಿಕಾಸಿಯಿಂದ ಬುಡದ ಮಣ್ಣು ಬಿಡಿಸಿ, ಕಾಂಡವೂ ಬೇರೂ ಕೂಡುವ ಗಂಟಿನ ಕೆಳಗೆ ಒಂದೇ ಏಟು ಹಾಕಿ, ಇಡೀ ಪೊದೆಯನ್ನು ತಲೆಕೆಳಗಾಗಿ ನಿಲ್ಲಿಸುವುದು ಅವನ ಕ್ರಮ. ಬೇರಿಗೆ ಮತ್ತೆ ಮಣ್ಣು ತಾಗಿತೋ, ಪಟ್ಟ ಪಾಡೆಲ್ಲ ವ್ಯರ್ಥ.

ನಿವೃತ್ತಿಗೆ ಮೂರು ತಿಂಗಳಿತ್ತು. ಮನೆಯ ಹಿಂದಿನ ಕಾಡಿನ ಇಳಿಜಾರನ್ನು ಚೊಕ್ಕ ಮಾಡಿ ಇಲಾಖೆಗೆ ಒಪ್ಪಿಸಿ ಹೋಗಬೇಕು ಅನ್ನುವುದೊಂದೇ ಅವನ ಆಸೆ. ಆದರೆ ನಾಲ್ಕು ವರ್ಷ ಬೆವರು ಸುರಿಸಿದರೂ ಪ್ರತಿ ಮಳೆಗೂ ಹೊಸ ಸಸಿಗಳು ತಲೆ ಎತ್ತುತ್ತಿದ್ದವು, ಅದೂ ದೊಡ್ಡ ಮರಗಳ ಕೆಳಗೇ. ಹಣ್ಣು ತಿಂದು ಬೀಜ ಉದುರಿಸುವ ಹಕ್ಕಿಗಳ ಕೆಲಸ ಅಂತ ಗೊತ್ತಿತ್ತು. ಅವು ಹಣ್ಣು ತಿನ್ನುವುದೆಲ್ಲಿ ಅಂತ ಒಂದು ಬೆಳಿಗ್ಗೆ ಕತ್ತೆತ್ತಿಕೊಂಡು ಅವುಗಳ ಹಿಂದೆಯೇ ನಡೆದ. ಬಂದು ನಿಂತದ್ದು ತನ್ನದೇ ಹಿತ್ತಲಲ್ಲಿ.

ಅಲ್ಲಿತ್ತು ಹೆಂಡತಿಯ ಹೂಬೇಲಿ. ಮದುವೆಯಾದ ವರ್ಷ ತವರಿನಿಂದ ಒಂದು ರೆಂಬೆ ತಂದು ನೆಟ್ಟು ಬೆಳೆಸಿದ್ದಳು. ಅದೂ ಲಂಟಾನವೇ ಅಂತ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಮನೆಯದು ನೋಡಿ, ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

ಬೇಲಿ ಕೀಳಬೇಕು ಅಂತ ಹೆಂಡತಿಗೆ ಹೇಳುವ ಧೈರ್ಯ ಬರಲಿಲ್ಲ. ಕಾಡಿನಲ್ಲಿ ಗುಡುಗುವವನು ಮನೆಯಲ್ಲಿ ಬಾಲ ಮುದುರಿದ ಬೆಕ್ಕು. ಅಂದಿನಿಂದ ದಿನಾ ಸಂಜೆ ಬಕೆಟ್ಟು ಹಿಡಿದು, ಹಣ್ಣಾಗುವ ಮೊದಲೇ ಕಾಯಿಗಳನ್ನು ಒಂದೊಂದಾಗಿ ಕೀಳತೊಡಗಿದ. ಕೇಳಿದರೆ ಬೇಲಿಗೆ ಆರೈಕೆ ಅಂದ. ಮೂವತ್ತೈದು ವರ್ಷ ಒಂದು ಚೊಂಬು ನೀರು ಹಾಕದ ಗಂಡ ಆರೈಕೆ ಅಂದರೆ ನಂಬುವಷ್ಟು ಪೆದ್ದಿಯಲ್ಲ ಅವಳು.

ಹತ್ತನೇ ದಿನ ಬಕೆಟ್ಟು ಕಸಿದುಕೊಂಡಳು. ವಿಷಯ ಹೊರಬಿತ್ತು. ಬೇಲಿಯ ಹೂಗಳ ಮೇಲೆ ಕೈಯಾಡಿಸುತ್ತಾ ಈ ತುದಿಯಿಂದ ಆ ತುದಿಗೆ ನಡೆದಳು. ಅವಳ ಅಮ್ಮನ ಮನೆಯದು ಅಂತ ಉಳಿದದ್ದು ಅದೊಂದೇ.

“ಇದನ್ನ ಇಟ್ಕೊಂಡು ಊರೋರಿಗೆಲ್ಲ ಬುದ್ಧಿ ಹೇಳ್ತಿದ್ರಾ?” ಅಂದಳು ಕೊನೆಗೆ.

“ನಾನು ಕೀಳಲ್ಲ,” ಅಂದ ಬೇರಣ್ಣ. “ನನ್ನ ಕೈಲಾಗಲ್ಲ.”

“ನಿಮ್ಮನ್ಯಾರು ಕೇಳಿದ್ರು? ನೆಟ್ಟೋಳು ನಾನು. ಎಲ್ಲಿ ಏಟು ಹಾಕ್ಬೇಕು ತೋರ್ಸಿ, ಸಾಕು.”

ಅವನು ಮಣ್ಣು ಬಿಡಿಸಿ ಗಂಟು ತೋರಿಸಿದ, ಅವಳು ಕಡಿದಳು. ಎರಡು ದಿನದಲ್ಲಿ ಬೇಲಿಯೆಲ್ಲ ತಲೆಕೆಳಗಾಗಿ ನಿಂತಿತ್ತು. ಅವಳ ಮುಖ ನೋಡಲಾಗದೆ ಬೇರಣ್ಣ ಕೊನೆಯ ಪೊದೆಯಿಂದ ಒಂದು ಹೂವಿನ ರೆಂಬೆ ಮುರಿದು, ನೀರು ತುಂಬಿದ ಲೋಟಕ್ಕೆ ಹಾಕಿ ಕಿಟಕಿಯಲ್ಲಿಟ್ಟ. ಲಂಟಾನ ಕೀಳುವ ಕೆಲಸದಲ್ಲಿ ಅವನು ಮಾಡಿದ ಒಂದೇ ಒಂದು ತಪ್ಪು ಅದು.

ಅವಳು ರೆಂಬೆಯನ್ನು ಎತ್ತಿ ನೋಡಿದಳು. ಕತ್ತರಿ ತಂದು ದಂಟನ್ನೆಲ್ಲ ಕತ್ತರಿಸಿ, ಹೂವನ್ನಷ್ಟೇ ನೀರಿನ ಮೇಲೆ ಬಿಟ್ಟಳು.

“ದಂಟಿದ್ರೆ ನೀರಲ್ಲೂ ಬೇರು ಬಿಟ್ಬಿಡುತ್ತೆ ಕಣ್ರೀ,” ಅಂದಳು.